ನಮ್ಮ ಪಿಂಚಣಿಯ ಲೆಕ್ಕ ನಮಗೆ ಮೊದಲೇ ತಿಳಿಯಲಿ: ಕೇಂದ್ರ ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಕಾರ್ಮಿಕ ಮತ್ತು ಉದ್ಯೋಗ ಸಚಿವರಿಗೆ ಹಾಗೂ ನೌಕರರ ಭವಿಷ್ಯ ನಿಧಿ ಸಂಘಟನೆಯ ಟ್ರಸ್ಟಿಗಳ ಮಂಡಳಿಯ ಸದಸ್ಯರಿಗೆ,

ನಮಸ್ಕಾರಗಳು.

ನಾನು ಬೆಂಗಳೂರಿನ ಪೀಣ್ಯದ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ 1996ರಿಂದ ಹನ್ನೆರಡು ವರ್ಷ, ಅದು ಬಾಗಿಲು ಮುಚ್ಚಿದ ಮೇಲೆ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ, ಟೈಮ್ ಆಫೀಸಿನ ಗುಮಾಸ್ತೆಯಾಗಿ ದುಡಿದು 2022ರಲ್ಲಿ ನಿವೃತ್ತಳಾದವಳು. ಹಾಜರಿ, ಸಂಬಳದ ಪಟ್ಟಿ, ಕಾರ್ಮಿಕರ ವೈದ್ಯಕೀಯ ವಿಮೆಯಾದ ಇ.ಎಸ್.ಐ. ಕಾರ್ಡು, ಪಿ.ಎಫ್. ಎಂದರೆ ಭವಿಷ್ಯ ನಿಧಿಯ ಕಾಗದ ಇವೇ ನನ್ನ ಕೆಲಸವಾಗಿದ್ದವು. ಕೆಲಸ ಬಿಟ್ಟು ಹೋಗುವ ಹೆಲ್ಪರ್, ಟೈಲರ್, ಚೆಕಿಂಗ್‌ನವರು, ಇಸ್ತ್ರಿಯವರು ಕೊನೆಯದಾಗಿ ಬಂದು ಕೂರುತ್ತಿದ್ದದ್ದು ನನ್ನ ಮೇಜಿನ ಎದುರಿನ ಸ್ಟೂಲಿನ ಮೇಲೆ. ಅವರ ಪಿ.ಎಫ್. ಹಣ ತೆಗೆಸುವ 19ನೇ ನಮೂನೆಯನ್ನೂ ಪಿಂಚಣಿಯ ಭಾಗ ತೆಗೆಸುವ 10-ಸಿ ನಮೂನೆಯನ್ನೂ ನಾನು ಎಷ್ಟು ತುಂಬಿದ್ದೇನೋ ಲೆಕ್ಕವಿಟ್ಟಿಲ್ಲ. ಅವುಗಳಲ್ಲಿ ಬಹಳಷ್ಟನ್ನು ತುಂಬಬಾರದಿತ್ತು ಎಂಬ ಅರಿವು ನನಗೆ ತಡವಾಗಿ ಬಂತು, ಆ ಅರಿವೇ ಈ ಪತ್ರವನ್ನು ಬರೆಸುತ್ತಿದೆ.

ಒಬ್ಬಾಕೆಯ ಕಥೆಯನ್ನು ಹೆಸರಿಲ್ಲದೆ ಹೇಳುತ್ತೇನೆ. ಮದ್ದೂರಿನ ಕಡೆಯಿಂದ ಮದುವೆಯಾಗಿ ಬೆಂಗಳೂರಿಗೆ ಬಂದವಳು, ಇಪ್ಪತ್ತೆರಡನೆಯ ವಯಸ್ಸಿಗೆ ಹೆಲ್ಪರ್ ಆಗಿ ಸೇರಿ ವರ್ಷದೊಳಗೆ ಟೈಲರ್ ಆದಳು. ಮೊದಲ ಕಾರ್ಖಾನೆಯಲ್ಲಿ ಒಂಬತ್ತು ವರ್ಷ, ಎರಡನೆಯದರಲ್ಲಿ ಎಂಟು ವರ್ಷ, ಒಟ್ಟು ಹದಿನೇಳು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತಳು. ಮೊದಲ ಕಾರ್ಖಾನೆ ಬಿಟ್ಟಾಗ ಪಿ.ಎಫ್. ತೆಗೆಸಿದಳು, ಎರಡನೆಯದನ್ನು ಬಿಟ್ಟಾಗಲೂ ತೆಗೆಸಿದಳು, ಎರಡು ಸಲವೂ ಪಿಂಚಣಿಯ ಭಾಗವನ್ನು ಸೇರಿಸಿಯೇ ತೆಗೆಸಿದಳು. ನೌಕರರ ಪಿಂಚಣಿ ಯೋಜನೆಯಲ್ಲಿ ಪಿಂಚಣಿಯ ಹಕ್ಕು ಹುಟ್ಟುವುದು ಹತ್ತು ವರ್ಷದ ಸೇವೆಗೆ. ಅದಕ್ಕಿಂತ ಕಡಿಮೆಯಾದರೆ ಹಣ ಹಿಂಪಡೆಯಬಹುದು, ಇಲ್ಲವೇ ಸೇವೆಯನ್ನು ಮುಂದಿನ ಕೆಲಸಕ್ಕೆ ಜೋಡಿಸಿಕೊಳ್ಳಬಹುದು. ಹಿಂಪಡೆದರೆ ಒಂದು ವರ್ಷದ ಸೇವೆಗೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳದಷ್ಟು ಕೈಗೆ ಬರುತ್ತದೆ, ಸೇವೆ ಅಳಿಸಿಹೋಗುತ್ತದೆ. ಹೀಗೆ ಹದಿನೇಳು ವರ್ಷ ದುಡಿದವಳ ಖಾತೆಯಲ್ಲಿ ಇಂದು ಒಂದು ದಿನದ ಪಿಂಚಣಿ ಸೇವೆಯೂ ಉಳಿದಿಲ್ಲ. ಎರಡನ್ನೂ ಜೋಡಿಸಿದ್ದರೆ, ಸರಾಸರಿ ಸಂಬಳ ಹನ್ನೊಂದು ಸಾವಿರವೆಂದು ಹಿಡಿದರೂ, ಯೋಜನೆಯ ಸೂತ್ರದಂತೆ ಅದನ್ನು ಸೇವೆಯ ಹದಿನೇಳು ವರ್ಷದಿಂದ ಗುಣಿಸಿ ಎಪ್ಪತ್ತರಿಂದ ಭಾಗಿಸಿದರೆ ತಿಂಗಳಿಗೆ 2,671 ರೂಪಾಯಿ ಆಕೆಗೆ ಬದುಕಿರುವವರೆಗೆ ಬರಬೇಕಿತ್ತು, ಆಕೆಯ ನಂತರ ಗಂಡನಿಗೆ ಅದರಲ್ಲೊಂದು ಪಾಲು ಹೋಗಬೇಕಿತ್ತು. ಈ ಗುಣಾಕಾರ ಭಾಗಾಕಾರವನ್ನು ಮಾಡಿ ತೋರಿಸುವುದಕ್ಕೆ ನನಗೆ ಎರಡು ನಿಮಿಷ ಸಾಕಿತ್ತು. ಎರಡನೆಯ ಸಲದ ಅರ್ಜಿಯನ್ನು ತುಂಬಿದವಳು ನಾನೇ. ಮಗನ ಕಾಲೇಜಿನ ಫೀಸು ಕಟ್ಟಬೇಕು, ಬೇಗ ತೆಗೆಸಿಕೊಡಿ ಮೇಡಂ ಎಂದಳು, ತುಂಬಿಕೊಟ್ಟೆ.

ಇಂಥವರಿಗೆ ದುಡ್ಡಿನ ಬೆಲೆ ಗೊತ್ತಿಲ್ಲ, ಕೈಗೆ ಸಿಕ್ಕಿದ್ದನ್ನು ಖರ್ಚು ಮಾಡುತ್ತಾರೆ, ಆದ್ದರಿಂದ ಹಣಕ್ಕೆ ಬೀಗ ಹಾಕಬೇಕು ಎಂಬ ಅಭಿಪ್ರಾಯ ಮೇಲಿನ ಹಂತದಲ್ಲಿ ಮತ್ತೆ ಮತ್ತೆ ಮೂಡುವುದನ್ನು ನಾನು ಗಮನಿಸಿದ್ದೇನೆ. 2016ರ ಫೆಬ್ರವರಿ 10ರ ಅಧಿಸೂಚನೆಯು ಪಿ.ಎಫ್.ಗೆ ಮಾಲೀಕರು ಕಟ್ಟುವ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಅದೇ ವರ್ಷ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೊಸೂರು ರಸ್ತೆ ಮತ್ತು ತುಮಕೂರು ರಸ್ತೆಗಳಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಯಾವ ದೊಡ್ಡ ಸಂಘಟನೆಯ ಕರೆಯೂ ಇಲ್ಲದೆ, ಯಂತ್ರ ನಿಲ್ಲಿಸಿ ರಸ್ತೆಗೆ ಬಂದರು. ಲಾಠಿ ಬೀಸಲಾಯಿತು, ವಾಹನಗಳು ಸುಟ್ಟವು, 19ರ ಸಂಜೆಗೆ ಕೇಂದ್ರ ಸರ್ಕಾರ ಆದೇಶವನ್ನು ಹಿಂದಕ್ಕೆ ಪಡೆಯಿತು. ನಮ್ಮ ಕಾರ್ಖಾನೆಯ ಮೂರು ಲೈನುಗಳು ಅಂದು ಮಧ್ಯಾಹ್ನವೇ ಖಾಲಿಯಾಗಿದ್ದವು. ಮರುದಿನ ಬಂದವರನ್ನು ಕೇಳಿದಾಗ ಒಬ್ಬಳು ಹೇಳಿದ ಮಾತು ನನಗೆ ಇನ್ನೂ ನೆನಪಿದೆ: "ಐವತ್ತೆಂಟಕ್ಕೆ ಕೊಡ್ತಾರಂತೆ ಮೇಡಂ, ನಲವತ್ತೈದಕ್ಕೇ ನಮ್ಮನ್ನ ಮನೆಗೆ ಕಳಿಸ್ತೀರಲ್ಲ, ಆಮೇಲೆ ಹದಿಮೂರು ವರ್ಷ ಏನು ತಿನ್ನೋಣ?"

ನಿವೃತ್ತಿಯ ಯೋಜನೆ ಎಂಬ ಮಾತು ಬಂದಾಗಲೆಲ್ಲ ನಾನು ಆ ಹದಿಮೂರು ವರ್ಷವನ್ನು ನೆನೆಯುತ್ತೇನೆ. ಕಚೇರಿಯಲ್ಲಿ ಕೂತು ಯೋಜನೆ ರೂಪಿಸುವವರ ಮನಸ್ಸಿನಲ್ಲಿ ಕೆಲಸ 58ಕ್ಕೋ 60ಕ್ಕೋ ಮುಗಿಯುತ್ತದೆ, ಹಾರ ಹಾಕುತ್ತಾರೆ, ಪಿಂಚಣಿ ಶುರುವಾಗುತ್ತದೆ. ಗಾರ್ಮೆಂಟ್ಸ್‌ನಲ್ಲಿ ಅಷ್ಟು ವರ್ಷ ಲೈನಿನಲ್ಲಿ ಉಳಿದವರನ್ನು ನಾನು ಕಂಡದ್ದು ಬೆರಳೆಣಿಕೆಯಷ್ಟು. ನಲವತ್ತು ದಾಟಿದ ಮೇಲೆ ಸೊಂಟ ಹಿಡಿಯುತ್ತದೆ, ಕಣ್ಣು ಮಂಜಾಗುತ್ತದೆ, ಗಂಟೆಯ ಟಾರ್ಗೆಟ್ ಮುಟ್ಟಲಾಗುವುದಿಲ್ಲ, ಯಾರೂ ತೆಗೆದುಹಾಕದಿದ್ದರೂ ಆಕೆಯೇ ಬಿಡುತ್ತಾಳೆ. ಅಲ್ಲಿಂದ ಮುಂದೆ ಮನೆಗೆಲಸ, ಹೋಟೆಲಿನ ಪಾತ್ರೆ, ಅಪಾರ್ಟ್‌ಮೆಂಟಿನ ಕಸ ಗುಡಿಸುವುದು. ಪೀಣ್ಯದ ನನ್ನ ಹಳೆಯ ಸಹೋದ್ಯೋಗಿಗಳಲ್ಲಿ ಇಬ್ಬರು, ಒಂದು ಕಾಲಕ್ಕೆ ಮೈಕ್ರಾನ್ ಲೆಕ್ಕದಲ್ಲಿ ಕಬ್ಬಿಣ ಕೊರೆಯುತ್ತಿದ್ದ ಟರ್ನರ್‌ಗಳು, ಈಗ ಹನ್ನೆರಡು ಗಂಟೆಯ ಪಾಳಿಯಲ್ಲಿ ಗೇಟು ಕಾಯುತ್ತಾರೆ. ಅವರಿಗೆ ವಿಶ್ರಾಂತ ಜೀವನವನ್ನು ಅರ್ಥಪೂರ್ಣವಾಗಿ ಕಳೆಯುವುದು ಹೇಗೆ ಎಂದು ಉಪದೇಶಿಸುವ ಧೈರ್ಯ ನನಗಿಲ್ಲ.

ಮಂಡಳಿಯು 2025ರ ಅಕ್ಟೋಬರ್‌ನಲ್ಲಿ ಕೈಗೊಂಡ ನಿರ್ಧಾರಗಳನ್ನು ಓದಿದಾಗ ನನಗೆ 2016ರ ನೆನಪು ಬಂದದ್ದು ಇದೇ ಕಾರಣಕ್ಕೆ. ಕೆಲಸ ಹೋದ ಮೇಲೆ ಪಿಂಚಣಿಯ ಭಾಗವನ್ನು ಹಿಂಪಡೆಯಲು ಕಾಯಬೇಕಾದ ಅವಧಿಯನ್ನು ಎರಡು ತಿಂಗಳಿಂದ 36 ತಿಂಗಳಿಗೆ ಏರಿಸಲು ನಿರ್ಧರಿಸಿದಿರಿ. ಉದ್ದೇಶ ಒಳ್ಳೆಯದೆಂದು ನಾನು ಒಪ್ಪುತ್ತೇನೆ. ಮದ್ದೂರಿನ ಹೆಣ್ಣುಮಗಳ ಹದಿನೇಳು ವರ್ಷವನ್ನು ಉಳಿಸಬಹುದಾಗಿದ್ದ ನಿಯಮ ಇದು. ಆದರೆ ಮೂರು ವರ್ಷ ಕಾದರೆ ಆಕೆಗೆ ಸಿಗುವುದೇನು, ಕಾಯದಿದ್ದರೆ ಕಳೆದುಹೋಗುವುದೇನು ಎಂಬುದನ್ನು ಯಾರಾದರೂ ಆಕೆಗೆ ಆಕೆಯ ಭಾಷೆಯಲ್ಲಿ, ಆಕೆಯದೇ ಸಂಬಳದ ಅಂಕಿ ಹಿಡಿದು ಹೇಳಿದ್ದಾರೆಯೇ? ಹೇಳದೆ ಹಾಕಿದ ಬೀಗವನ್ನು ಜನ ತಮ್ಮ ಹಣದ ಮೇಲಿನ ಕಣ್ಣು ಎಂದೇ ತಿಳಿಯುತ್ತಾರೆ.

ಆದ್ದರಿಂದ ನನ್ನ ಮುಖ್ಯ ಕೋರಿಕೆ ಇದು. ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಬಡ್ಡಿ ಜಮೆ ಮಾಡುವ ಲೆಕ್ಕದೊಂದಿಗೆ, ಪ್ರತಿಯೊಬ್ಬ ಚಂದಾದಾರರಿಗೂ ಕರ್ನಾಟಕದಲ್ಲಿ ಕನ್ನಡದಲ್ಲಿ, ಬೇರೆ ರಾಜ್ಯಗಳಲ್ಲಿ ಅಲ್ಲಿಯ ಭಾಷೆಯಲ್ಲಿ, ಒಂದು ಹಾಳೆ ತಲುಪಲಿ. ಅದರಲ್ಲಿ ಈವರೆಗೆ ನಿಮ್ಮ ಪಿಂಚಣಿ ಸೇವೆ ಇಷ್ಟು ವರ್ಷ ಇಷ್ಟು ತಿಂಗಳು, ಹತ್ತು ವರ್ಷ ತುಂಬಲು ಇನ್ನು ಇಷ್ಟು ಬಾಕಿ, ಹೀಗೆಯೇ ದುಡಿದರೆ 58ಕ್ಕೆ ತಿಂಗಳಿಗೆ ಇಷ್ಟು ರೂಪಾಯಿ, ಈಗ ಹಿಂಪಡೆದರೆ ಕೈಗೆ ಇಷ್ಟು ಎಂಬ ನಾಲ್ಕು ಸಾಲು ಇದ್ದರೆ ಸಾಕು. ಇಂದಿನ ಪಾಸ್‌ಬುಕ್‌ನಲ್ಲಿ ಪಿಂಚಣಿ ವಂತಿಗೆಗೆ ಬೇರೆ ಕಾಲಂ ಇದೆ, ಆದರೆ ಅಲ್ಲಿ ಕಾಣುವ ಮೊತ್ತ ಪಿಂಚಣಿಯೂ ಅಲ್ಲ, ಬಡ್ಡಿ ಬೆಳೆಯುವ ಉಳಿತಾಯವೂ ಅಲ್ಲ. ಎಷ್ಟೋ ಜನ ಅದನ್ನೂ ಪಿ.ಎಫ್. ಮೊತ್ತಕ್ಕೆ ಕೂಡಿಸಿಕೊಂಡು ಮನೆ ಕಟ್ಟುವ ಲೆಕ್ಕ ಹಾಕಿ ಕೊನೆಗೆ ನನ್ನ ಮುಂದೆ ಕಣ್ಣೀರು ಹಾಕಿದ್ದಾರೆ. ಲೆಕ್ಕ ಹಾಕಲು ಬೇಕಾದ ಮಾಹಿತಿಯೆಲ್ಲ ನಿಮ್ಮ ಕಂಪ್ಯೂಟರಿನಲ್ಲಿದೆ. 2014ರಲ್ಲಿ, ಕಾರ್ಖಾನೆ ಬದಲಾದರೂ ಬದಲಾಗದ ಯು.ಎ.ಎನ್. ಸಂಖ್ಯೆ ಬಂದ ಮೇಲೆ ಒಬ್ಬರ ಎಲ್ಲ ಕಾರ್ಖಾನೆಗಳ ಸೇವೆಯನ್ನೂ ಒಂದೇ ಕಡೆ ನೋಡಲು ಸಾಧ್ಯವಾಗಿದೆ. 10-ಸಿ ಅರ್ಜಿ ಬಂದಾಗಲೂ ಹಣ ಬಿಡುಗಡೆ ಮಾಡುವ ಮೊದಲು ಇದೇ ನಾಲ್ಕು ಸಾಲು ಅವರ ಮೊಬೈಲಿಗೆ ಹೋಗಲಿ, ಹಣದ ಬದಲಿಗೆ ಸೇವೆಯನ್ನು ಉಳಿಸಿಕೊಡುವ ಸೇವಾ ಪ್ರಮಾಣಪತ್ರ ಪಡೆಯುತ್ತೀರಾ ಎಂದು ಕೇಳಲಿ. ಬಹಳ ಜನ ಆಗ ತಡೆದು ಯೋಚಿಸುತ್ತಾರೆ ಎಂಬುದು ಇಪ್ಪತ್ತಾರು ವರ್ಷ ಅವರ ಎದುರು ಕೂತವಳ ನಂಬಿಕೆ.

ಭವಿಷ್ಯ ನಿಧಿಯ ಮೂಲ ಹಣದ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. 2024-25ಕ್ಕೆ ನೀಡಿದ ಬಡ್ಡಿ ಶೇ 8.25. ಇದೇ ದರ ಉಳಿದರೆ ಮೂವತ್ತೊಂದನೆಯ ವಯಸ್ಸಿಗೆ ತೆಗೆಸದೆ ಬಿಟ್ಟ ಐವತ್ತು ಸಾವಿರ ರೂಪಾಯಿ 58ಕ್ಕೆ ನಾಲ್ಕು ಲಕ್ಷ ದಾಟುತ್ತದೆ. ಕೈಸಾಲ ತೀರಿಸಲು ಐವತ್ತು ಸಾವಿರ ತೆಗೆಸಿದವಳಿಗೆ ತಾನು ನಾಲ್ಕು ಲಕ್ಷ ತೆಗೆಸುತ್ತಿದ್ದೇನೆಂಬುದು ಗೊತ್ತಿರಲಿಲ್ಲ, ನಿಜ ಹೇಳಬೇಕೆಂದರೆ ಬಹುಕಾಲ ನನಗೂ ಗೊತ್ತಿರಲಿಲ್ಲ.

ಹೀಗೆ ಲೆಕ್ಕ ಕೊಡುವಾಗ ಅದರಲ್ಲಿ ಕಾಣುವ ಅಂಕಿ ನಂಬಿ ಕಾಯುವುದಕ್ಕೆ ತಕ್ಕದ್ದಾಗಿಯೂ ಇರಬೇಕು, ಮಾನ್ಯರೇ. ನನ್ನದೇ ಪಿಂಚಣಿಯನ್ನು ನಿಮ್ಮ ಮುಂದೆ ಇಡುತ್ತೇನೆ. ಎರಡು ಕಾರ್ಖಾನೆಗಳ ಸೇವೆಯನ್ನು ನಾನು 13ನೇ ನಮೂನೆ ತುಂಬಿ ಜೋಡಿಸಿಕೊಂಡಿದ್ದೆ, ಆ ನಮೂನೆಯ ಪರಿಚಯ ನನಗಿದ್ದದ್ದು ನನ್ನ ಪುಣ್ಯ. ಇಪ್ಪತ್ತಾರು ವರ್ಷದ ಅಖಂಡ ಸೇವೆ, ಕೊನೆಯ ಐದು ವರ್ಷ, ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳದ ಮಿತಿಗಿಂತ ಹೆಚ್ಚಿನ ಸಂಬಳ. 2014ರ ಸೆಪ್ಟೆಂಬರ್ 1ರವರೆಗಿನ ಸೇವೆಗೆ 6,500 ರೂಪಾಯಿ, ಅನಂತರದ ಸೇವೆಗೆ 15,000 ರೂಪಾಯಿ ಎಂಬ ಮಿತಿಯಲ್ಲಿ ಲೆಕ್ಕ ಹಾಕಿ, ಇಪ್ಪತ್ತು ವರ್ಷ ದಾಟಿದ್ದಕ್ಕೆ ಎರಡು ವರ್ಷ ಹೆಚ್ಚುವರಿ ಸೇರಿಸಿ, ನನಗೆ ಬರುತ್ತಿರುವುದು ತಿಂಗಳಿಗೆ ಮೂರು ಸಾವಿರದ ಆರುನೂರು ರೂಪಾಯಿಯ ಆಸುಪಾಸು. ಅದು 2022ರಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ, ನಾನು ಕಣ್ಣು ಮುಚ್ಚುವವರೆಗೂ ಅಷ್ಟೇ, ಏಕೆಂದರೆ ನಮ್ಮ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಹನ್ನೆರಡು ವರ್ಷಕ್ಕೆ ದುಡ್ಡಿನ ಬೆಲೆ ಅರ್ಧಕ್ಕೆ ಇಳಿಯುತ್ತದೆ. ನನಗೆ ಎಪ್ಪತ್ತಾಗುವಾಗ ಈ ಹಣಕ್ಕೆ ನಿವೃತ್ತಿಯ ದಿನದ ಸಾವಿರದ ಎಂಟುನೂರರ ಬೆಲೆ, ಎಂಬತ್ತೆರಡಕ್ಕೆ ಒಂಬೈನೂರರ ಬೆಲೆ. ವಯಸ್ಸಾದಂತೆ ಅಡುಗೆಯ ಖರ್ಚು ಕಡಿಮೆಯಾಗಬಹುದು, ಔಷಧದ ಖರ್ಚು ಆಗುವುದಿಲ್ಲ.

ನನ್ನ ಕೈಹಿಡಿದದ್ದು ಪಿ.ಎಫ್. ಮತ್ತು ಗ್ರಾಚ್ಯುಟಿಯ ಇಡಿಗಂಟು. ಬಂದ ಹನ್ನೆರಡು ಲಕ್ಷದಲ್ಲಿ ಮೂರು ಲಕ್ಷ ಸೋರುವ ಮಾಳಿಗೆಗೆ ಹೋಯಿತು, ಒಂಬತ್ತು ಲಕ್ಷವನ್ನು ಒಂದು ತಿಂಗಳೊಳಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟೆ. ಅರವತ್ತು ತುಂಬದಿದ್ದರೂ ನಿವೃತ್ತಿಯ ಹಣವನ್ನು ಐವತ್ತೈದರ ಮೇಲೆ ಅಲ್ಲಿಡಬಹುದೆಂಬುದನ್ನು ಅಂಚೆ ಕಚೇರಿಯ ಒಬ್ಬ ಪುಣ್ಯಾತ್ಮ ಹೇಳಿಕೊಟ್ಟರು. ಅಂದಿನ ಶೇ 7.4ರ ದರದಲ್ಲಿ ಮೂರು ತಿಂಗಳಿಗೊಮ್ಮೆ 16,650 ರೂಪಾಯಿ ಬರುತ್ತದೆ. ಎರಡೂ ಸೇರಿ ತಿಂಗಳಿಗೆ ಒಂಬತ್ತು ಸಾವಿರ ಚಿಲ್ಲರೆ, ಸ್ವಂತ ಸೂರು ಇರುವುದರಿಂದ ಬದುಕು ಸಾಗುತ್ತಿದೆ. ನನ್ನದು ಸುಖಿಗಳ ಸಾಲು. ಬಾಡಿಗೆ ಮನೆಯಲ್ಲಿರುವ, ಹಣವನ್ನು ಮಗಳ ಮದುವೆಗೆ ಕೊಟ್ಟು ಕೈ ಬರಿದು ಮಾಡಿಕೊಂಡ, ಗಂಡ ತೀರಿಕೊಂಡ ಮೇಲೆ ಕನಿಷ್ಠ ಪಿಂಚಣಿಯ ಒಂದು ಸಾವಿರ ಪಡೆಯುವ ಹೆಣ್ಣುಮಕ್ಕಳಿದ್ದಾರೆ. ದಿನಕ್ಕೆ ಮೂವತ್ತಮೂರು ರೂಪಾಯಿ. ರಾಜ್ಯಸಭೆಯ ಅರ್ಜಿಗಳ ಸಮಿತಿಯು 2013ರಲ್ಲೇ ಕನಿಷ್ಠ ಪಿಂಚಣಿಯನ್ನು 3,000 ರೂಪಾಯಿ ಮಾಡಿ ಎಂದು ಶಿಫಾರಸು ಮಾಡಿತ್ತು, 2014ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದದ್ದು 1,000. ನಮ್ಮ ರಾಜ್ಯದಲ್ಲಿ ವಂತಿಗೆಯನ್ನೇ ಕಟ್ಟದ ಗೃಹಿಣಿಗೆ ಗೃಹಲಕ್ಷ್ಮಿಯಿಂದ ಎರಡು ಸಾವಿರ ಬರುತ್ತದೆ. ಅದು ಬರಲಿ, ಅದರ ಅಗತ್ಯ ನನಗೆ ಚೆನ್ನಾಗಿ ಗೊತ್ತು. ಆದರೆ ದುಡಿದು ವಂತಿಗೆ ಕಟ್ಟಿಸಿಕೊಂಡವರ ಪಿಂಚಣಿ ಅದರ ಅರ್ಧದಲ್ಲಿ ನಿಂತಿರುವುದಕ್ಕೆ ನೀವು ಉತ್ತರಿಸಬೇಕು. ಕನಿಷ್ಠ ಮೊತ್ತವನ್ನು ಒಮ್ಮೆ ಏರಿಸಿ ಮತ್ತೆ ಹತ್ತು ವರ್ಷ ಮರೆಯುವುದು ಬೇಡ, ಸರ್ಕಾರಿ ಪಿಂಚಣಿದಾರರಿಗೆ ವರ್ಷಕ್ಕೆರಡು ಬಾರಿ ಮಾಡುವಂತೆ ನಮ್ಮ ಪಿಂಚಣಿಯನ್ನೂ ಬೆಲೆ ಸೂಚ್ಯಂಕಕ್ಕೆ ಕಟ್ಟಿಹಾಕಿ. ಇದಕ್ಕೆ ಹಣ ಬೇಕೆಂಬುದು ನನಗೆ ತಿಳಿದಿದೆ. ಸರ್ಕಾರ ಈಗ ಸೇರಿಸುತ್ತಿರುವುದು ಸಂಬಳದ ಶೇ 1.16 ಮಾತ್ರ, ಅದನ್ನು ಹೆಚ್ಚಿಸುವ ಮಾತು ಆ ಸಮಿತಿಯ ವರದಿಯಲ್ಲಿಯೂ ಇತ್ತು.

ಸರ್ಕಾರದಿಂದ ಹೊಸದಾಗಿ ಹಣ ಕೇಳದ ಇನ್ನೊಂದು ಸೌಲಭ್ಯ ಬಳಕೆಯಾಗದೆ ಬಿದ್ದಿದೆ. ಇ.ಎಸ್.ಐ. ವ್ಯಾಪ್ತಿಯಲ್ಲಿ ಕನಿಷ್ಠ ಐದು ವರ್ಷ ಇದ್ದು ನಿವೃತ್ತಿಯ ವಯಸ್ಸಿಗೆ ಕೆಲಸ ಬಿಟ್ಟವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ತಮಗೂ ತಮ್ಮ ಸಂಗಾತಿಗೂ ಇ.ಎಸ್.ಐ. ವೈದ್ಯಕೀಯ ಸೇವೆ ಮುಂದುವರಿಯುತ್ತದೆ. ರಾಜಾಜಿನಗರದ ಆಸ್ಪತ್ರೆಗೋ ಪೀಣ್ಯದ ಆಸ್ಪತ್ರೆಗೋ ಹೋಗಿ ಬಿ.ಪಿ., ಸಕ್ಕರೆಯ ಮಾತ್ರೆ ಪಡೆಯಬಹುದಾದವರು ಇದು ತಿಳಿಯದೆ ಮೆಡಿಕಲ್ ಶಾಪಿನಲ್ಲಿ ದುಡ್ಡು ಸುರಿಯುತ್ತಿದ್ದಾರೆ. ನಿವೃತ್ತಿಯ ದಿನ ಕೊಡುವ ಕಾಗದಗಳ ಜೊತೆ ಇದರ ಅರ್ಜಿಯನ್ನೂ ಕೊಡುವಂತೆ ಕಾರ್ಖಾನೆಗಳಿಗೆ ಒಂದು ಸುತ್ತೋಲೆ ಕಳುಹಿಸಿ. ನಲವತ್ತೈದಕ್ಕೆ ಬಿಟ್ಟುಹೋಗುವವರಿಗೆ ಈ ನಿಯಮ ಸಾಲದು. ದೀರ್ಘಕಾಲ ವಂತಿಗೆ ಕಟ್ಟಿದ ಹೆಣ್ಣುಮಕ್ಕಳಿಗೆ ಅದನ್ನು ವಿಸ್ತರಿಸಬಹುದೇ ಎಂದೂ ಯೋಚಿಸಿ.

ಹೊಸದಾಗಿ ಸೇರುವ ಹುಡುಗಿಯರ ಬಗ್ಗೆಯೂ ಒಂದು ಮಾತು. ಅಟಲ್ ಪಿಂಚಣಿ ಯೋಜನೆಯಲ್ಲಿ ಅರವತ್ತರ ಮೇಲೆ ತಿಂಗಳಿಗೆ 5,000 ರೂಪಾಯಿ ಬೇಕೆಂದರೆ ಹದಿನೆಂಟಕ್ಕೆ ಸೇರುವವಳು ತಿಂಗಳಿಗೆ 210 ರೂಪಾಯಿ ಕಟ್ಟಿದರೆ ಸಾಕು, ಮೂವತ್ತಕ್ಕೆ ಸೇರಿದರೆ 577, ನಲವತ್ತಕ್ಕೆ 1,454. ಕೆಲಸಕ್ಕೆ ಸೇರುವ ದಿನ ಟೈಮ್ ಆಫೀಸಿನಲ್ಲಿ ಹತ್ತಾರು ಕಾಗದಗಳಿಗೆ ಸಹಿ ಹಾಕಿಸಿಕೊಳ್ಳುತ್ತಾರೆ, ಈ ಮೂರು ಅಂಕಿಗಳ ಒಂದು ಚೀಟಿಯನ್ನು ಅದೇ ಹೊತ್ತಿಗೆ ಓದಿ ಹೇಳಿದರೆ ಹುಡುಗಿ ಬೇಕೋ ಬೇಡವೋ ತಾನೇ ನಿರ್ಧರಿಸುತ್ತಾಳೆ. ಈ ಐದು ಸಾವಿರಕ್ಕೂ ಬೆಲೆ ಏರಿಕೆಯ ರಕ್ಷಣೆ ಇಲ್ಲ ಎಂಬುದನ್ನು ಮುಚ್ಚಿಡಬಾರದು.

ಕೊನೆಯದಾಗಿ, ನಿವೃತ್ತಿಯ ನಂತರದ ದಿನಗಳ ಬಗ್ಗೆ. ಕೆಲಸ ಬಿಟ್ಟ ಮೊದಲ ಸೋಮವಾರ ನಾನು ಎಂದಿನಂತೆ ನಾಲ್ಕೂವರೆಗೆ ಎದ್ದು, ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿ, ಆಮೇಲೆ ಹೋಗುವುದಕ್ಕೆ ಎಲ್ಲಿಯೂ ಇಲ್ಲವೆಂದು ನೆನಪಾಗಿ ಅಡುಗೆಮನೆಯಲ್ಲೇ ಕೂತೆ. ಕೆಲವು ತಿಂಗಳು ಹಾಗೆಯೇ ಕಳೆದವು. ಒಂದು ದಿನ ಪಕ್ಕದ ಬೀದಿಯ ವಯಸ್ಸಾದ ಟೈಲರ್ ಒಬ್ಬರು ಜೀವಂತ ಪ್ರಮಾಣಪತ್ರದ ತೊಂದರೆ ಹೇಳಿಕೊಂಡು ಬಂದರು. ಐದು ಸಲ ಒತ್ತಿದರೂ ಯಂತ್ರ ಅವರ ಬೆರಳಚ್ಚನ್ನು ಹಿಡಿಯುತ್ತಿರಲಿಲ್ಲ, ಬಟ್ಟೆ ಸವರಿ ಸವರಿ ಬೆರಳಿನ ಗೆರೆಗಳೇ ಸವೆದಿದ್ದವು. ಮುಖ ತೋರಿಸಿ ಮೊಬೈಲಿನಲ್ಲೇ ಮಾಡಬಹುದೆಂದು ತಿಳಿದು ನಾನು ಮಾಡಿಕೊಟ್ಟೆ. ಅಲ್ಲಿಂದ ನಮ್ಮ ಮನೆಯ ಜಗಲಿಗೆ ಜನ ಬರತೊಡಗಿದರು: ಆಧಾರ್‌ನಲ್ಲಿ ಗಂಡನ ಹೆಸರು, ಪಿ.ಎಫ್.ನಲ್ಲಿ ತಂದೆಯ ಹೆಸರು ಇರುವವರು, ನಾಮಿನಿ ಹಾಕದವರು, ಏಜೆಂಟರಿಗೆ ಸಾವಿರಾರು ರೂಪಾಯಿ ಕೊಟ್ಟು ಕಾದು ಕುಳಿತವರು. ಈಗ ವಾರಕ್ಕೆ ಎರಡು ಮಧ್ಯಾಹ್ನ ಇದಕ್ಕೆಂದೇ ಮೀಸಲು. ನನ್ನ ದಿನಗಳಿಗೆ ಅರ್ಥ ಬಂದದ್ದು ಇದರಿಂದ, ತಿಂಗಳ ಒಂಬತ್ತು ಸಾವಿರ ಇಲ್ಲದಿದ್ದರೆ ಇದಕ್ಕೆ ಬಿಡುವೂ ಇರುತ್ತಿರಲಿಲ್ಲ.

ತಮ್ಮ ಸಂಘಟನೆಯು ಪ್ರತಿ ತಿಂಗಳ 27ರಂದು ಜಿಲ್ಲೆ ಜಿಲ್ಲೆಗಳಲ್ಲಿ 'ನಿಧಿ ಆಪ್ಕೆ ನಿಕಟ್', ಎಂದರೆ ನಿಧಿ ನಿಮ್ಮ ಹತ್ತಿರ, ಎಂಬ ಹಿಂದಿ ಹೆಸರಿನ ಶಿಬಿರ ನಡೆಸುತ್ತದೆ. ಆ ಹೆಸರು ನಮ್ಮ ಲೈನಿನ ಹೆಣ್ಣುಮಕ್ಕಳಿಗೆ ಅರ್ಥವಾಗುವುದಿಲ್ಲ, ಶಿಬಿರ ನಡೆಯುತ್ತದೆಂಬುದೂ ತಿಳಿದಿಲ್ಲ. ಅದಕ್ಕೊಂದು ಕನ್ನಡದ ಹೆಸರಿಟ್ಟು, ಗಾರ್ಮೆಂಟ್ಸ್ ಬಿಡುವ ಸಂಜೆಯ ಹೊತ್ತಿಗೆ, ಕಾರ್ಖಾನೆಗಳು ಒತ್ತೊತ್ತಾಗಿರುವ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ಮದ್ದೂರು, ದೊಡ್ಡಬಳ್ಳಾಪುರಗಳಲ್ಲಿ ನಡೆಸಿ. ಅಲ್ಲಿ ಒಂದು ಮೇಜನ್ನು ನಮ್ಮಂಥ ನಿವೃತ್ತ ಟೈಮ್ ಆಫೀಸಿನವರಿಗೆ ಬಿಟ್ಟುಕೊಡಿ. ಸಂಬಳ ಬೇಡ, ಬಸ್ಸಿನ ಖರ್ಚೂ ಬೇಡ. ಒಂದು ಗುರುತಿನ ಚೀಟಿ, ಸೇವೆಯ ವಿವರವನ್ನು ನೋಡುವಷ್ಟು ಅನುಮತಿ, ಕನ್ನಡದ ಆ ನಾಲ್ಕು ಸಾಲಿನ ಹಾಳೆಯನ್ನು ಮುದ್ರಿಸಿಕೊಡುವ ಒಂದು ಪ್ರಿಂಟರ್ ಇದ್ದರೆ ಸಾಕು. ನನಗೆ ಗೊತ್ತಿರುವ ಹಾಗೆ ಇದಕ್ಕೆ ಸಿದ್ಧರಿರುವವರು ನಾವು ಹನ್ನೊಂದು ಜನ ಇದ್ದೇವೆ, ಎಲ್ಲರೂ 10-ಸಿ ತುಂಬಿ ತುಂಬಿ ಪಳಗಿದವರು. ತಾವು ಸಮ್ಮತಿ ನೀಡಿದರೆ ಬರುವ 27ರಂದೇ ಬಂದು ಕೂರುತ್ತೇವೆ.

ತಮ್ಮ ವಿಶ್ವಾಸಿ,

ಒಬ್ಬ ನಿವೃತ್ತ ಟೈಮ್ ಆಫೀಸ್ ಗುಮಾಸ್ತೆ
ಬೆಂಗಳೂರು